ದೂರದ ತಾಣಗಳ ಜಾಲ ಉಪಕರಣಗಳ ಸರಣಿ ಸಂಖ್ಯೆ ದಾಖಲಾತಿ

ದೂರದ ತಾಣಗಳ ಜಾಲ ಉಪಕರಣಗಳ ಸರಣಿ ಸಂಖ್ಯೆ ದಾಖಲಾತಿ ಎಂದರೆ ಮುಖ್ಯ ಕಚೇರಿಯಿಂದ ದೂರವಿರುವ ಸ್ಥಳಗಳಲ್ಲಿ ಅಳವಡಿಸಿದ ಸಂಪರ್ಕ ಉಪಕರಣಗಳನ್ನು, ತಯಾರಕರು ಅವುಗಳಿಗೆ ನೀಡಿದ ಸಂಖ್ಯೆಯ ಆಧಾರದ ಮೇಲೆ ಗುರುತಿಸಿ, ಅವು ಎಲ್ಲಿವೆ, ಯಾರ ವಶದಲ್ಲಿವೆ, ಯಾವ ಸ್ಥಿತಿಯಲ್ಲಿವೆ ಎಂಬುದನ್ನು ನಿರಂತರವಾಗಿ ಬರೆದಿಡುವ ಕ್ರಮ. ಆಡುಮಾತಿನಲ್ಲಿ ಸೀರಿಯಲ್ ನಂಬರ್ ಎನ್ನುವ ಈ ಸಂಖ್ಯೆಯನ್ನು ಉಪಕರಣದ ಹಿಂಬದಿಯ ಅಥವಾ ತಳಭಾಗದ ಚೀಟಿಯಲ್ಲಿ ಮುದ್ರಿಸಿರುತ್ತಾರೆ. ಒಂದೇ ಮಾದರಿಯ ಸಾವಿರಾರು ಪೆಟ್ಟಿಗೆಗಳು ನೋಡಲು ಒಂದೇ ರೀತಿ ಇರುವುದರಿಂದ ಒಂದನ್ನು ಮತ್ತೊಂದರಿಂದ ಬೇರ್ಪಡಿಸಲು ಈ ಸಂಖ್ಯೆಯೇ ಆಧಾರ. ಗ್ರಾಮ ಪಂಚಾಯತಿಗಳಿಗೆ ಸಂಪರ್ಕ ಒದಗಿಸುವ ಭಾರತ್‌ನೆಟ್‌ನಂತಹ ಜಾಲಗಳಲ್ಲಿ ಸರಣಿ ಸಂಖ್ಯೆಯು ಕೇವಲ ಲೆಕ್ಕಪತ್ರದ ವಿಷಯವಲ್ಲ. ಜಾಲವು ಉಪಕರಣವನ್ನು ಒಳಗೆ ಸೇರಿಸಿಕೊಳ್ಳಬೇಕೆ ಬೇಡವೆ ಎಂಬುದನ್ನು ನಿರ್ಧರಿಸುವುದೂ ಅದೇ ಸಂಖ್ಯೆ.

ಹಿನ್ನೆಲೆ

ಕೇಂದ್ರ ಸರ್ಕಾರವು 2011ರ ಅಕ್ಟೋಬರ್ 25ರಂದು ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಯೋಜನೆಗೆ ಅನುಮೋದನೆ ನೀಡಿತು. ಇದರ ಅನುಷ್ಠಾನಕ್ಕಾಗಿ 2012ರಲ್ಲಿ ಭಾರತ್ ಬ್ರಾಡ್‌ಬ್ಯಾಂಡ್ ನೆಟ್‌ವರ್ಕ್ ನಿಗಮವು ಸ್ಥಾಪನೆಯಾಯಿತು. ಮುಂದೆ ಯೋಜನೆಗೆ ಭಾರತ್‌ನೆಟ್ ಎಂಬ ಹೆಸರು ಬಂದಿತು. ಒಂದು ಲಕ್ಷಕ್ಕೂ ಹೆಚ್ಚು ಗ್ರಾಮ ಪಂಚಾಯತಿಗಳನ್ನು ಒಳಗೊಂಡ ಮೊದಲ ಹಂತವು 2017ರ ಡಿಸೆಂಬರ್‌ನಲ್ಲಿ ಮುಗಿಯಿತು. ಕರ್ನಾಟಕದಲ್ಲಿ ಈ ಹಂತದ ಕೆಲಸವನ್ನು ಬಿಎಸ್‌ಎನ್‌ಎಲ್ ನಿರ್ವಹಿಸಿತು.

ಕರ್ನಾಟಕದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯತಿಗಳಿವೆ. ಕಲಬುರಗಿಯಿಂದ ಬೇರ್ಪಟ್ಟು ರಾಜ್ಯದ 30ನೆಯ ಜಿಲ್ಲೆಯಾದ ಯಾದಗಿರಿಯಲ್ಲಿ ಹಳ್ಳಿಗಳು ಭೀಮಾ ಮತ್ತು ಕೃಷ್ಣಾ ನದಿಗಳ ಬಯಲಿನಲ್ಲಿ ಚದುರಿಕೊಂಡಿವೆ. ಯಾದಗಿರಿ ತಾಲ್ಲೂಕಿನ ಬಳಿಚಕ್ರದಂತಹ ಊರುಗಳ, ಶಹಾಪುರ ಮತ್ತು ಸುರಪುರ ಭಾಗದ ಪಂಚಾಯತಿಗಳ ಉಪಕರಣಗಳನ್ನು ನೋಡಿಕೊಳ್ಳುವ ತಂತ್ರಜ್ಞರು ಅಲ್ಲಿಯೇ ವಾಸಿಸುವವರಲ್ಲ. ಒಬ್ಬರೇ ಹಲವು ಊರುಗಳನ್ನು ನೋಡಿಕೊಳ್ಳಬೇಕಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲು, ದೂಳು, ವಿದ್ಯುತ್ತಿನ ಏರುಪೇರು ಇವೆಲ್ಲ ಉಪಕರಣಗಳನ್ನು ಕೆಡಿಸುತ್ತವೆ. ಕೆಟ್ಟದ್ದನ್ನು ಬದಲಾಯಿಸುತ್ತ ಹೋದಂತೆ, ಯಾವ ಪೆಟ್ಟಿಗೆ ಯಾವ ಊರಿನಲ್ಲಿದೆ ಎಂಬುದು ಮೊದಲ ದಿನದ ಪಟ್ಟಿಗಿಂತ ಬೇರೆಯಾಗುತ್ತ ಹೋಗುತ್ತದೆ. ಸರಣಿ ಸಂಖ್ಯೆ ದಾಖಲಾತಿಯ ಅಗತ್ಯ ಹುಟ್ಟುವುದು ಇಲ್ಲಿಯೇ.

ತಾಣದಲ್ಲಿರುವ ಉಪಕರಣಗಳು

ಭಾರತ್‌ನೆಟ್‌ನ ಮೊದಲ ಹಂತದಲ್ಲಿ ಬಳಸಿದ ತಂತ್ರಜ್ಞಾನಕ್ಕೆ ಜಿಪಾನ್ ಎಂದು ಹೆಸರು. ಸಾಮಾನ್ಯವಾಗಿ ತಾಲ್ಲೂಕು ಕೇಂದ್ರದ ದೂರವಾಣಿ ವಿನಿಮಯ ಕೇಂದ್ರದಲ್ಲಿ ಆಪ್ಟಿಕಲ್ ಲೈನ್ ಟರ್ಮಿನಲ್ ಎಂಬ ದೊಡ್ಡ ಉಪಕರಣವಿರುತ್ತದೆ. ಇದನ್ನು ಒಎಲ್‌ಟಿ ಎನ್ನುತ್ತಾರೆ. ಅದರ ಒಂದು ಕಿಂಡಿಯಿಂದ ಹೊರಟ ಫೈಬರ್ ಎಳೆಯನ್ನು ಸ್ಪ್ಲಿಟರ್ ಎಂಬ ಸಾಧನವು ಹಲವು ಕವಲುಗಳಾಗಿ ಒಡೆಯುತ್ತದೆ. ಪ್ರತಿ ಕವಲಿನ ತುದಿಯಲ್ಲಿ, ಅಂದರೆ ಪಂಚಾಯತಿ ಕಟ್ಟಡದಲ್ಲಿ, ಆಪ್ಟಿಕಲ್ ನೆಟ್‌ವರ್ಕ್ ಟರ್ಮಿನಲ್ ಅಥವಾ ಒಎನ್‌ಟಿ ಎಂಬ ಸಣ್ಣ ಪೆಟ್ಟಿಗೆ ಇರುತ್ತದೆ. ಅದರೊಂದಿಗೆ ವಿದ್ಯುತ್ ಪೂರೈಕೆಗಾಗಿ ಸೌರ ಫಲಕ, ಬ್ಯಾಟರಿ ಮತ್ತು ಚಾರ್ಜ್ ನಿಯಂತ್ರಕವನ್ನೂ ಒದಗಿಸಲಾಗಿತ್ತು.

ಇವುಗಳಲ್ಲಿ ಒಎನ್‌ಟಿಗೆ ಮಾತ್ರವಲ್ಲದೆ ಬ್ಯಾಟರಿಗೂ ಸೌರ ಫಲಕಕ್ಕೂ ಪ್ರತ್ಯೇಕ ಸರಣಿ ಸಂಖ್ಯೆಗಳಿರುತ್ತವೆ. ಒಎಲ್‌ಟಿಯೊಳಗಿನ ಪ್ರತಿ ಕಾರ್ಡಿಗೂ, ಬೆಳಕನ್ನು ಕಳುಹಿಸುವ ಬೆರಳಿನಷ್ಟು ಸಣ್ಣ ಎಸ್‌ಎಫ್‌ಪಿ ಬಿಡಿಭಾಗಕ್ಕೂ ತನ್ನದೇ ಸಂಖ್ಯೆ ಉಂಟು. ಹೊರಗಿನ ಚೌಕಟ್ಟಿನ ಸಂಖ್ಯೆಯೊಂದನ್ನೇ ಬರೆದುಕೊಂಡರೆ ಒಳಗಿನ ಭಾಗಗಳು ಬದಲಾದದ್ದು ತಿಳಿಯುವುದಿಲ್ಲ. ಬ್ಯಾಟರಿ ಮತ್ತು ಸೌರ ಫಲಕಗಳು ಬೇರೆ ಕೆಲಸಕ್ಕೂ ಒದಗುವ ವಸ್ತುಗಳಾದುದರಿಂದ ಅವುಗಳ ಸಂಖ್ಯೆಯನ್ನು ಬರೆದಿಡುವುದು ಇನ್ನೂ ಮುಖ್ಯ.

ಸರಣಿ ಸಂಖ್ಯೆಯ ರಚನೆ

ಜಿಪಾನ್ ಉಪಕರಣಗಳ ಸರಣಿ ಸಂಖ್ಯೆಯ ರೂಪವನ್ನು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.984 ಮಾನಕಗಳು ನಿಗದಿಪಡಿಸಿವೆ. ಅದು ಒಟ್ಟು 8 ಬೈಟ್‌ಗಳ ಉದ್ದವಾಗಿದೆ. ಮೊದಲ 4 ಬೈಟ್‌ಗಳು ತಯಾರಕರನ್ನು ಸೂಚಿಸುವ ನಾಲ್ಕು ಅಕ್ಷರಗಳು. ಉಳಿದ 4 ಬೈಟ್‌ಗಳು ಆ ತಯಾರಕರು ಒಂದೊಂದು ಪೆಟ್ಟಿಗೆಗೆ ಕೊಡುವ ಸಂಖ್ಯೆ. ಎರಡನೆಯ ಭಾಗವನ್ನು ಹದಿನಾರರ ಎಣಿಕೆಯಲ್ಲಿ ಎಂಟು ಸ್ಥಾನಗಳಾಗಿ ಬರೆಯುತ್ತಾರೆ. ಈ ಎಣಿಕೆಯಲ್ಲಿ 0ಯಿಂದ 9ರವರೆಗಿನ ಅಂಕೆಗಳೂ ಇಂಗ್ಲಿಷಿನ ಎ ಇಂದ ಎಫ್‌ವರೆಗಿನ ಆರು ಅಕ್ಷರಗಳೂ ಬರುತ್ತವೆ. ಹೀಗಾಗಿ ಚೀಟಿಯ ಮೇಲೆ ಸಾಮಾನ್ಯವಾಗಿ 12 ಚಿಹ್ನೆಗಳು ಕಾಣುತ್ತವೆ.

ಕೆಲವು ಚೀಟಿಗಳಲ್ಲಿ ಮತ್ತು ಗಣಕದ ಪರದೆಗಳಲ್ಲಿ ತಯಾರಕರ ನಾಲ್ಕು ಅಕ್ಷರಗಳನ್ನೂ ಹದಿನಾರರ ಎಣಿಕೆಗೆ ಪರಿವರ್ತಿಸಿ ಒಟ್ಟು 16 ಚಿಹ್ನೆಗಳಾಗಿ ತೋರಿಸುತ್ತಾರೆ. ಉದಾಹರಣೆಗೆ, ಆಲ್ಕಾಟೆಲ್-ಲೂಸೆಂಟ್ ಸಂಸ್ಥೆಯ ಗುರುತಾದ ಎಎಲ್‌ಸಿಎಲ್ ಎಂಬ ನಾಲ್ಕು ಅಕ್ಷರಗಳು ಆಗ 414ಸಿ434ಸಿ ಎಂದು ಕಾಣುತ್ತವೆ. ಒಂದೇ ಪೆಟ್ಟಿಗೆಯ ಸಂಖ್ಯೆ ಎರಡು ಕಡೆ ಎರಡು ರೂಪದಲ್ಲಿ ಕಂಡಾಗ ಅವು ಬೇರೆ ಬೇರೆ ಪೆಟ್ಟಿಗೆಗಳೆಂದು ತಿಳಿಯುವ ಸಂಭವವಿದೆ. ಆದುದರಿಂದ ದಾಖಲೆಯಲ್ಲಿ ಯಾವುದಾದರೂ ಒಂದೇ ರೂಪವನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಎರಡು ರೂಪಗಳಲ್ಲಿಯೂ ಕೊನೆಯ ಎಂಟು ಚಿಹ್ನೆಗಳು ಬದಲಾಗುವುದಿಲ್ಲ. ಹೋಲಿಸಿ ನೋಡಲು ಇದು ಸುಲಭದ ಗುರುತು.

ಸರಣಿ ಸಂಖ್ಯೆಯನ್ನು ಅದೇ ಚೀಟಿಯಲ್ಲಿರುವ ಇತರ ಸಂಖ್ಯೆಗಳೊಂದಿಗೆ ಬೆರೆಸಬಾರದು. ಮಾದರಿ ಸಂಖ್ಯೆಯು ಆ ಬಗೆಯ ಎಲ್ಲ ಪೆಟ್ಟಿಗೆಗಳಿಗೂ ಒಂದೇ. ಮ್ಯಾಕ್ ವಿಳಾಸವು 6 ಬೈಟ್‌ಗಳ ಇನ್ನೊಂದು ಗುರುತು. ಅದನ್ನೂ 12 ಚಿಹ್ನೆಗಳಲ್ಲಿಯೇ ಬರೆಯುವುದರಿಂದ ಸರಣಿ ಸಂಖ್ಯೆಯ ಜಾಗದಲ್ಲಿ ಅದನ್ನು ಬರೆದುಬಿಡುವ ತಪ್ಪು ಸಹಜವಾಗಿ ಆಗುತ್ತದೆ.

ಜಾಲದಲ್ಲಿ ಸರಣಿ ಸಂಖ್ಯೆಯ ಪಾತ್ರ

ಒಎನ್‌ಟಿಗೆ ವಿದ್ಯುತ್ ಕೊಟ್ಟು ಫೈಬರ್ ಜೋಡಿಸಿದಾಗ ಅದು ತಾನಾಗಿಯೇ ಮಾತು ಆರಂಭಿಸುವುದಿಲ್ಲ. ಒಎಲ್‌ಟಿಯು ಆಗಾಗ ಹೊಸಬರು ಯಾರಾದರೂ ಇದ್ದಾರೆಯೆ ಎಂದು ಕೇಳುತ್ತದೆ. ಶಾಲೆಯಲ್ಲಿ ಹಾಜರಿ ಕರೆದಾಗ ಮಕ್ಕಳು ಉತ್ತರಿಸುವಂತೆ, ಒಎನ್‌ಟಿಯು ತನ್ನ ಸರಣಿ ಸಂಖ್ಯೆಯನ್ನು ಹೇಳುತ್ತದೆ. ಒಎಲ್‌ಟಿಯು ಆ ಸಂಖ್ಯೆಗೆ ಒಂದು ಕಿರುಗುರುತನ್ನು ಕೊಟ್ಟು, ನಡುವಿನ ದೂರವನ್ನು ಅಳೆದು, ಅದು ಯಾವ ಕ್ಷಣದಲ್ಲಿ ಮಾತನಾಡಬೇಕೆಂದು ನಿಗದಿಪಡಿಸುತ್ತದೆ. ಆ ಸಂಖ್ಯೆಯು ಮೊದಲೇ ತನ್ನ ಪಟ್ಟಿಯಲ್ಲಿದ್ದರೆ ಅದಕ್ಕೆಂದು ಬರೆದಿಟ್ಟ ಸೇವೆಗಳನ್ನು ತೆರೆಯುತ್ತದೆ. ಪಟ್ಟಿಯಲ್ಲಿ ಇಲ್ಲದಿದ್ದರೆ ಪೆಟ್ಟಿಗೆಯು ಅಪರಿಚಿತವೆಂದು ದಾಖಲಾಗುತ್ತದೆ; ಅದಕ್ಕೆ ಸೇವೆ ದೊರೆಯುವುದಿಲ್ಲ.

ಆದುದರಿಂದ ಪಟ್ಟಿಯಲ್ಲಿನ ಒಂದು ಅಕ್ಷರ ತಪ್ಪಾದರೂ ಸರಿಯಾಗಿರುವ ಉಪಕರಣ, ಸರಿಯಾಗಿರುವ ಫೈಬರ್, ಸರಿಯಾಗಿರುವ ವಿದ್ಯುತ್ ಇದ್ದೂ ಪಂಚಾಯತಿಗೆ ಸಂಪರ್ಕ ಇರುವುದಿಲ್ಲ. ತಾಣದಲ್ಲಿ ನಿಂತು ನೋಡುವವರಿಗೆ ಇದು ಫೈಬರ್ ತುಂಡಾದಂತೆಯೇ ತೋರಬಹುದು.

ಅದಲುಬದಲಿನ ತೊಡಕು

ದಾಖಲೆಯಿಲ್ಲದೆ ಪೆಟ್ಟಿಗೆಗಳನ್ನು ಸ್ಥಳಾಂತರಿಸಿದಾಗ ಉಂಟಾಗುವ ಗೊಂದಲವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಬಳಿಚಕ್ರ ಪಂಚಾಯತಿಯ ಒಎನ್‌ಟಿ ಕೆಟ್ಟಿದೆ ಎಂದುಕೊಳ್ಳೋಣ. ಬಳಿಯಲ್ಲಿ ಹೊಸದು ಇಲ್ಲದ ಕಾರಣ, ಕಟ್ಟಡ ದುರಸ್ತಿಗಾಗಿ ಬಾಗಿಲು ಹಾಕಿರುವ ನೆರೆಯ ಪಂಚಾಯತಿಯ ಪೆಟ್ಟಿಗೆಯನ್ನು ತಂದು ಜೋಡಿಸಲಾಗುತ್ತದೆ. ಎರಡೂ ಊರುಗಳು ಒಂದೇ ಸ್ಪ್ಲಿಟರಿನ ಕವಲುಗಳಾಗಿದ್ದರೆ ತಂದ ಪೆಟ್ಟಿಗೆಯು ತನ್ನ ಹಳೆಯ ಸಂಖ್ಯೆಯನ್ನೇ ಹೇಳಿ ಜಾಲಕ್ಕೆ ಸೇರಿಕೊಳ್ಳುತ್ತದೆ. ಬಳಿಚಕ್ರದಲ್ಲಿ ದೀಪಗಳು ಉರಿಯುತ್ತವೆ. ಆದರೆ ಮೇಲ್ವಿಚಾರಣಾ ಕೇಂದ್ರದ ಪರದೆಯಲ್ಲಿ ನೆರೆಯ ಊರು ಚಾಲ್ತಿಯಲ್ಲಿದೆ, ಬಳಿಚಕ್ರ ಸ್ಥಗಿತವಾಗಿದೆ ಎಂದೇ ಕಾಣುತ್ತದೆ.

ಇದರ ಪರಿಣಾಮ ಮುಂದೆ ತಿಳಿಯುತ್ತದೆ. ನೆರೆಯ ಊರಿನ ಕಚೇರಿ ಮತ್ತೆ ತೆರೆದಾಗ ಅಲ್ಲಿ ಸಂಪರ್ಕವಿಲ್ಲವೆಂದು ದೂರು ಬರುತ್ತದೆ. ಪರದೆಯ ಪ್ರಕಾರ ಅಲ್ಲಿ ಎಲ್ಲವೂ ಸರಿಯಾಗಿದೆ. ದೂರು ಸುಳ್ಳೆಂದು ಮುಚ್ಚಿಹೋಗಬಹುದು. ಇತ್ತ ಬಳಿಚಕ್ರದ ಸ್ಥಗಿತವನ್ನು ಸರಿಪಡಿಸಲು ಹೊರಟವರು ಅಲ್ಲಿ ಯಾವ ದೋಷವನ್ನೂ ಕಾಣದೆ ಹಿಂದಿರುಗುತ್ತಾರೆ. ಸಾಮಾನ್ಯ ಯಾವ ಉಪಕರಣವೂ ಸುಳ್ಳು ಹೇಳಿಲ್ಲ; ಪೆಟ್ಟಿಗೆ ಹೋದ ದಾರಿಯನ್ನು ಯಾರೂ ಬರೆಯದಿದ್ದುದೇ ದೋಷ. ಅದೇ ಪೆಟ್ಟಿಗೆಯನ್ನು ಬೇರೊಂದು ಒಎಲ್‌ಟಿಯ ವ್ಯಾಪ್ತಿಗೆ ಒಯ್ದಿದ್ದರೆ ಅದು ಅಪರಿಚಿತವೆಂದು ಕಾಣಿಸಿಕೊಂಡು ತಪ್ಪು ಕೂಡಲೆ ಗೊತ್ತಾಗುತ್ತಿತ್ತು. ಕೆಲಸ ಮಾಡುತ್ತಲೇ ಇರುವ ತಪ್ಪು ಹೆಚ್ಚು ಕಾಲ ಉಳಿಯುತ್ತದೆ.

ದಾಖಲೆ ವಹಿ

ಸರ್ಕಾರಿ ಕಚೇರಿಗಳಲ್ಲಿ ದಾಸ್ತಾನು ವಹಿ ಅಥವಾ ಸ್ಟಾಕ್ ರಿಜಿಸ್ಟರ್ ಇಡುವುದು ಹಳೆಯ ಪದ್ಧತಿ. ಶಾಲೆಯ ಗ್ರಂಥಾಲಯದಲ್ಲಿ ಒಂದೇ ಪುಸ್ತಕದ ಹತ್ತು ಪ್ರತಿಗಳಿದ್ದರೆ ಹತ್ತಕ್ಕೂ ಬೇರೆ ಬೇರೆ ಪರಿಗ್ರಹಣ ಸಂಖ್ಯೆ ಕೊಡುವುದೂ ಇದೇ ತತ್ತ್ವದ ಮೇಲೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಸ್ಥಿರ ಆಸ್ತಿಗಳಿಗೆ ಪ್ರತ್ಯೇಕ ವಹಿಯನ್ನು ವಿಧಿಸುತ್ತವೆ. ಅದರ ನಮೂನೆ ಜಿಎಫ್‌ಆರ್ 22. ಬಳಸಿ ಮುಗಿಯುವ ವಸ್ತುಗಳಿಗೆ ಬೇರೆ ನಮೂನೆಯಿದೆ.

ಆದರೆ ಹತ್ತು ಒಎನ್‌ಟಿಗಳು ಬಂದವು, ಹತ್ತು ಹೋದವು ಎಂದು ಎಣಿಕೆಯನ್ನಷ್ಟೇ ಬರೆದ ವಹಿಯು ಜಾಲದ ಕೆಲಸಕ್ಕೆ ಸಾಲದು. ದೂರದ ತಾಣಗಳ ದಾಖಲೆಯಲ್ಲಿ ಪ್ರತಿ ಪೆಟ್ಟಿಗೆಗೆ ಒಂದು ಸಾಲು ಇರಬೇಕು. ಆ ಸಾಲಿನಲ್ಲಿ ಸಾಮಾನ್ಯವಾಗಿ ಇರುವ ವಿವರಗಳು ಇವು:

• ಸರಣಿ ಸಂಖ್ಯೆ, ಮಾದರಿ ಮತ್ತು ತಯಾರಕರು
• ಮ್ಯಾಕ್ ವಿಳಾಸ
• ತಾಣದ ಹೆಸರು, ತಾಲ್ಲೂಕು, ಜಿಲ್ಲೆ ಮತ್ತು ತಾಣಕ್ಕೆ ನೀಡಿದ ಸಂಕೇತ
• ಸಂಪರ್ಕ ಪಡೆಯುವ ಒಎಲ್‌ಟಿ ಮತ್ತು ಅದರ ಕಿಂಡಿ
• ಅಳವಡಿಸಿದ ದಿನಾಂಕ ಮತ್ತು ಖಾತರಿ ಅವಧಿ ಮುಗಿಯುವ ದಿನಾಂಕ
• ವಶದಲ್ಲಿಟ್ಟುಕೊಂಡ ಅಧಿಕಾರಿಯ ಹುದ್ದೆ
• ಈಗಿನ ಸ್ಥಿತಿ: ಬಳಕೆಯಲ್ಲಿದೆ, ದುರಸ್ತಿಯಲ್ಲಿದೆ, ಉಗ್ರಾಣದಲ್ಲಿದೆ, ಕಾಣೆಯಾಗಿದೆ ಅಥವಾ ವಿಲೇವಾರಿಯಾಗಿದೆ

ತಾಣದ ಹೆಸರಿನ ಜೊತೆಗೆ ಸಂಕೇತವನ್ನೂ ಬರೆಯಲು ಕಾರಣವಿದೆ. ಒಂದೇ ಹೆಸರಿನ ಊರುಗಳು ಹಲವು ತಾಲ್ಲೂಕುಗಳಲ್ಲಿರುತ್ತವೆ. ಕನ್ನಡದ ಊರ ಹೆಸರನ್ನು ಇಂಗ್ಲಿಷಿಗೆ ತರುವಾಗ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬರೆಯುತ್ತಾರೆ. ಬಳಿಚಕ್ರದ ಳಕಾರವನ್ನು ಇಂಗ್ಲಿಷ್ ಲಿಪಿಯಲ್ಲಿ ಲಕಾರದಿಂದ ಬೇರ್ಪಡಿಸಿ ತೋರಿಸುವ ಸಾಮಾನ್ಯ ಅಕ್ಷರವಿಲ್ಲ. ತಾಲ್ಲೂಕುಗಳೂ ಬದಲಾಗುತ್ತವೆ: ಯಾದಗಿರಿ, ಶಹಾಪುರ ಮತ್ತು ಸುರಪುರ ಎಂಬ ಮೂರು ತಾಲ್ಲೂಕುಗಳ ಜಿಲ್ಲೆಯಲ್ಲಿ ಈಗ ಗುರುಮಠಕಲ್, ವಡಗೇರಾ ಮತ್ತು ಹುಣಸಗಿ ಸೇರಿ ಆರು ತಾಲ್ಲೂಕುಗಳಿವೆ. ಹಳೆಯ ಪಟ್ಟಿಯಲ್ಲಿ ಒಂದು ತಾಲ್ಲೂಕಿನಲ್ಲಿದ್ದ ಊರು ಹೊಸ ಪಟ್ಟಿಯಲ್ಲಿ ಇನ್ನೊಂದರಲ್ಲಿ ಸಿಗಬಹುದು.

ದಾಖಲಿಸುವ ಕ್ರಮ

ಪೆಟ್ಟಿಗೆಯು ಉಗ್ರಾಣಕ್ಕೆ ಬಂದ ದಿನವೇ, ಅಂದರೆ ಹೊರಗೆ ಹೋಗುವ ಮೊದಲೇ, ಅದರ ಸಂಖ್ಯೆಯನ್ನು ಬರೆದುಕೊಳ್ಳುವುದು ಉತ್ತಮ. ಗೋಡೆಗೆ ಬಿಗಿದ ಮೇಲೆ ಹಿಂಬದಿಯ ಚೀಟಿ ಕಾಣುವುದಿಲ್ಲ. ಬಿಸಿಲು, ದೂಳುಗಳಿಂದ ಅಕ್ಷರಗಳು ಮಾಸುತ್ತವೆ. ಹೊರ ಡಬ್ಬಿಯ ಮೇಲಿನ ಸಂಖ್ಯೆಯನ್ನು ಮಾತ್ರ ನೋಡಿ ಬರೆಯಬಾರದು, ಡಬ್ಬಿಗಳು ಅದಲುಬದಲಾಗುವುದುಂಟು.

ಚೀಟಿಯಲ್ಲಿ ಪಟ್ಟಿಸಂಕೇತ ಅಥವಾ ಕ್ಯೂಆರ್ ಸಂಕೇತವಿದ್ದರೆ ಮೊಬೈಲ್ ಫೋನಿನಿಂದಲೇ ಓದಬಹುದು. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಸಂಸ್ಥೆಯು ಕ್ಯೂಆರ್ ಸಂಕೇತವನ್ನು ರೂಪಿಸಿದ್ದೂ ಕಾರ್ಖಾನೆಗಳಲ್ಲಿ ವಾಹನದ ಬಿಡಿಭಾಗಗಳ ಜಾಡು ಇಡುವುದಕ್ಕಾಗಿ. ಕೈಯಿಂದ ನಕಲು ಮಾಡುವ ತಪ್ಪು ಇದರಿಂದ ತಪ್ಪುತ್ತದೆ. ಒಂದೇ ಚೀಟಿಯಲ್ಲಿ ಎರಡು ಮೂರು ಪಟ್ಟಿಸಂಕೇತಗಳಿದ್ದಾಗ ಸರಿಯಾದುದನ್ನು ಓದಿತೆ ಎಂದು ನೋಡಿಕೊಳ್ಳಬೇಕು. ಚೀಟಿಯ ಒಂದು ಛಾಯಾಚಿತ್ರ ಮತ್ತು ಪೆಟ್ಟಿಗೆಯು ಗೋಡೆಯಲ್ಲಿರುವ ಇನ್ನೊಂದು ಛಾಯಾಚಿತ್ರವನ್ನು ಇಟ್ಟುಕೊಂಡರೆ ಸಂದೇಹ ಬಂದಾಗ ಮತ್ತೆ ಊರಿಗೆ ಹೋಗುವ ಶ್ರಮ ಉಳಿಯುತ್ತದೆ.

ಉಪಕರಣವನ್ನು ಬದಲಾಯಿಸಿದಾಗ ಎರಡು ನಮೂದುಗಳು ಆಗಬೇಕು: ತೆಗೆದ ಪೆಟ್ಟಿಗೆಯದೊಂದು, ಹಾಕಿದ ಪೆಟ್ಟಿಗೆಯದೊಂದು. ಎರಡನ್ನೂ ಅದೇ ದಿನ, ತಾಣದಿಂದ ಹೊರಡುವ ಮುನ್ನವೇ ಬರೆದು, ಪಂಚಾಯತಿಯವರ ಸಹಿ ಪಡೆದು, ಒಎಲ್‌ಟಿಯ ಪಟ್ಟಿಯನ್ನೂ ತಿದ್ದಿಸಬೇಕು. ಹಳೆಯ ಸಾಲನ್ನು ಅಳಿಸುವುದಿಲ್ಲ. ಅದರ ಮುಂದೆ ತೆಗೆದ ದಿನಾಂಕವನ್ನು ಬರೆದು ಉಳಿಸಿದರೆ ಪೆಟ್ಟಿಗೆಯ ಪೂರ್ವ ಚರಿತ್ರೆ ಸಿಗುತ್ತದೆ. ಒಂದೇ ಊರಿನಲ್ಲಿ ಪೆಟ್ಟಿಗೆಗಳು ಮೇಲಿಂದ ಮೇಲೆ ಕೆಡುತ್ತಿದ್ದರೆ ದೋಷ ಪೆಟ್ಟಿಗೆಯದಲ್ಲ, ವಿದ್ಯುತ್ತಿನದು ಅಥವಾ ಭೂಸಂಪರ್ಕ ತಂತಿಯದು ಇರಬಹುದೆಂದು ಆ ಚರಿತ್ರೆಯಿಂದಲೇ ಊಹಿಸಲು ಸಾಧ್ಯ.

ಬರವಣಿಗೆಯ ಸಾಮಾನ್ಯ ತಪ್ಪುಗಳು

ನೋಡಲು ಹೋಲುವ ಚಿಹ್ನೆಗಳು ತಪ್ಪಿಗೆ ಮೊದಲ ಕಾರಣ. ಇಂಗ್ಲಿಷಿನ ಓ ಮತ್ತು ಸೊನ್ನೆ, ಐ ಮತ್ತು 1, ಬಿ ಮತ್ತು 8, ಡಿ ಮತ್ತು ಸೊನ್ನೆ ಇಂತಹ ಜೋಡಿಗಳು. ಹದಿನಾರರ ಎಣಿಕೆಯ ಭಾಗದಲ್ಲಿ ಎಫ್‌ನ ನಂತರದ ಅಕ್ಷರಗಳು ಬರುವುದೇ ಇಲ್ಲವಾದುದರಿಂದ ಅಲ್ಲಿ ಓ ಅಥವಾ ಐ ಕಂಡರೆ ಅದು ಸೊನ್ನೆ ಅಥವಾ 1 ಎಂದು ತಿದ್ದಿಕೊಳ್ಳಬಹುದು. ಬಿ ಮತ್ತು 8ರ ವಿಷಯದಲ್ಲಿ ಈ ಅನುಕೂಲವಿಲ್ಲ. ಎರಡೂ ಬರುವುದರಿಂದ ಮತ್ತೆ ಚೀಟಿಯನ್ನೇ ನೋಡಬೇಕು. ಕನ್ನಡ ವಹಿಗಳಲ್ಲಿ ಕನ್ನಡ ಅಂಕೆಗಳನ್ನು ಬಳಸುವ ರೂಢಿಯಿದ್ದರೂ ಸರಣಿ ಸಂಖ್ಯೆಯನ್ನು ಚೀಟಿಯಲ್ಲಿರುವ ಲಿಪಿಯಲ್ಲಿಯೇ ಬರೆಯುವುದು ಕ್ಷೇಮ. ಕನ್ನಡದ ೬ ಮತ್ತು ೯ ಅವಸರದ ಕೈಬರಹದಲ್ಲಿ ಒಂದನ್ನೊಂದು ಹೋಲುತ್ತವೆ.

ದೂರವಾಣಿಯಲ್ಲಿ ಹೇಳುವಾಗ ಬಿ, ಡಿ, ಇ ಎಂಬ ಅಕ್ಷರಗಳು ಕಿವಿಗೆ ಒಂದೇ ಆಗಿ ಕೇಳಿಸುತ್ತವೆ. ಬೆಂಗಳೂರಿನ ಬಿ, ದೆಹಲಿಯ ಡಿ ಎಂದು ಊರ ಹೆಸರು ಸೇರಿಸಿ ಹೇಳುವುದು, ಬರೆದುಕೊಂಡವರು ಅದನ್ನು ತಿರುಗಿ ಓದಿ ಹೇಳುವುದು ಒಳ್ಳೆಯ ಅಭ್ಯಾಸ.

ಗಣಕದ ಎಕ್ಸೆಲ್ ಹಾಳೆಯಲ್ಲಿ ಇನ್ನೊಂದು ಬಗೆಯ ತಪ್ಪು ತಾನಾಗಿಯೇ ಆಗುತ್ತದೆ. ಕೊನೆಯ ಎಂಟು ಚಿಹ್ನೆಗಳನ್ನು ಪ್ರತ್ಯೇಕ ಕಾಲಂನಲ್ಲಿ ಬರೆದಾಗ ಅವೆಲ್ಲವೂ ಅಂಕೆಗಳಾಗಿದ್ದರೆ ಮುಂದಿನ ಸೊನ್ನೆಗಳು ಮಾಯವಾಗುತ್ತವೆ. ನಡುವೆ ಇ ಅಕ್ಷರ ಬಂದರೆ ಹಾಳೆಯು ಅದನ್ನು ಹತ್ತರ ಘಾತವೆಂದು ತಿಳಿಯಬಹುದು. 00471ಇ02 ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಅದು 471ನ್ನು ನೂರರಿಂದ ಗುಣಿಸಿದ 47100 ಎಂಬ ಬೆಲೆಯಾಗಿಬಿಡುತ್ತದೆ. ಆ ಮೇಲೆ ಮೂಲ ಸಂಖ್ಯೆಯನ್ನು ಮರಳಿ ಪಡೆಯಲಾಗದು. ಬರೆಯುವ ಮೊದಲೇ ಕಾಲಂ ಅನ್ನು ಪಠ್ಯ ರೂಪಕ್ಕೆ ಹೊಂದಿಸುವುದು ಇದಕ್ಕೆ ಪರಿಹಾರ.

ದೂರದಿಂದಲೇ ಓದುವ ವಿಧಾನ

ಪ್ರತಿ ಊರಿಗೂ ಹೋಗದೆ ಸಂಖ್ಯೆಗಳನ್ನು ತಿಳಿಯುವ ಮಾರ್ಗಗಳಿವೆ. ಚಾಲನೆಯಲ್ಲಿರುವ ಒಎನ್‌ಟಿಗಳ ಸಂಖ್ಯೆಗಳನ್ನು ಒಎಲ್‌ಟಿಯಿಂದಲೇ ಪಟ್ಟಿಯಾಗಿ ಪಡೆಯಬಹುದು. ರೂಟರ್ ಮತ್ತು ಸ್ವಿಚ್‌ಗಳ ವಿಷಯದಲ್ಲಿ ಎಸ್‌ಎನ್‌ಎಂಪಿ ಎಂಬ ಜಾಲ ನಿರ್ವಹಣಾ ವಿಧಾನವನ್ನು ಬಳಸುತ್ತಾರೆ. ಉಪಕರಣದ ಭೌತಿಕ ಭಾಗಗಳನ್ನು ವಿವರಿಸುವ ಎಂಟಿಟಿ ಎಂಐಬಿ ಎಂಬ ಮಾನಕವು 1996ರಲ್ಲಿ ಪ್ರಕಟವಾಯಿತು. ಪ್ರತಿ ಭಾಗದ ಸರಣಿ ಸಂಖ್ಯೆಗೆ ಅದರಲ್ಲಿ ಸ್ಥಾನ ದೊರೆತದ್ದು 1999ರ ಆವೃತ್ತಿಯಲ್ಲಿ. ಎಸ್‌ಎಫ್‌ಪಿ ಭಾಗಗಳು ತಮ್ಮೊಳಗಿನ ಪುಟ್ಟ ಸ್ಮೃತಿಯಲ್ಲಿ 16 ಬೈಟ್‌ಗಳಷ್ಟು ಜಾಗದಲ್ಲಿ ಸಂಖ್ಯೆಯನ್ನು ಹೊತ್ತಿರುತ್ತವೆ. ಕಿಂಡಿಯಿಂದ ಹೊರತೆಗೆಯದೆ ಅದನ್ನು ಓದಬಹುದು.

ಈ ವಿಧಾನಕ್ಕೆ ಮಿತಿಗಳಿವೆ. ವಿದ್ಯುತ್ತಿಲ್ಲದ, ಕೆಟ್ಟ ಅಥವಾ ಕಪಾಟಿನಲ್ಲಿರುವ ಪೆಟ್ಟಿಗೆ ಉತ್ತರ ಕೊಡುವುದಿಲ್ಲ. ಸಾಮಾನ್ಯ ಸ್ಪ್ಲಿಟರ್, ಬ್ಯಾಟರಿ, ಸೌರ ಫಲಕಗಳಿಗೆ ಮಾತೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಜಾಲವು ತಾನು ಯಾವ ಸಂಖ್ಯೆಯೊಡನೆ ಮಾತನಾಡುತ್ತಿದ್ದೇನೆಂದು ಹೇಳಬಲ್ಲದು. ಆ ಪೆಟ್ಟಿಗೆ ಯಾವ ಊರಿನ ಗೋಡೆಯ ಮೇಲಿದೆ ಎಂದು ಹೇಳಲಾರದು. ಊರಿನ ಹೆಸರನ್ನು ಸಂಖ್ಯೆಯೊಡನೆ ಜೋಡಿಸುವುದು ಮನುಷ್ಯರು ಬರೆದ ವಹಿ ಮಾತ್ರ.

ಭೌತಿಕ ಪರಿಶೀಲನೆ

ಈ ಕಾರಣದಿಂದ ವಹಿ, ಜಾಲ ಮತ್ತು ಗೋಡೆ ಈ ಮೂರನ್ನೂ ಒಟ್ಟಿಗೆ ಹೋಲಿಸುವುದು ಅಗತ್ಯವಾಗುತ್ತದೆ. ಸಾಮಾನ್ಯ ಹಣಕಾಸು ನಿಯಮಗಳ 213ನೆಯ ನಿಯಮದಂತೆ ಸ್ಥಿರ ಆಸ್ತಿಗಳನ್ನು ವರ್ಷಕ್ಕೊಮ್ಮೆಯಾದರೂ ಭೌತಿಕವಾಗಿ ಪರಿಶೀಲಿಸಬೇಕು. ಹೋಲಿಕೆಯಲ್ಲಿ ಸಾಮಾನ್ಯವಾಗಿ ಮೂರು ಬಗೆಯ ವ್ಯತ್ಯಾಸಗಳು ಹೊರಬೀಳುತ್ತವೆ. ವಹಿಯಲ್ಲಿದ್ದು ಜಾಲದಲ್ಲಿ ಇಲ್ಲದ ಪೆಟ್ಟಿಗೆಯು ಕೆಟ್ಟಿರಬಹುದು ಅಥವಾ ಕಾಣೆಯಾಗಿರಬಹುದು. ಜಾಲದಲ್ಲಿದ್ದು ವಹಿಯಲ್ಲಿಲ್ಲದ ಪೆಟ್ಟಿಗೆಯನ್ನು ಯಾರೋ ಬರೆಯದೆ ಬದಲಾಯಿಸಿರುತ್ತಾರೆ. ಎರಡರಲ್ಲಿಯೂ ಇದ್ದು ಬೇರೆ ಊರಿನಲ್ಲಿರುವ ಪೆಟ್ಟಿಗೆಯನ್ನು ತಾಣಕ್ಕೆ ಹೋದವರು ಮಾತ್ರ ಪತ್ತೆ ಹಚ್ಚಬಲ್ಲರು. ಪ್ರತ್ಯೇಕ ಪ್ರಯಾಣ ಸಾಧ್ಯವಿಲ್ಲದಿದ್ದರೆ, ಬೇರೆ ದುರಸ್ತಿಗಾಗಿ ಹೋದಾಗಲೆಲ್ಲ ಅಲ್ಲಿರುವ ಎಲ್ಲ ಸಂಖ್ಯೆಗಳನ್ನೂ ಓದಿ ಬರುವ ರೂಢಿಯನ್ನು ಇಟ್ಟುಕೊಳ್ಳಬಹುದು.

ಖಾತರಿ ಮತ್ತು ವಿಲೇವಾರಿ

ಖಾತರಿ ಅವಧಿಯಲ್ಲಿ ಕೆಟ್ಟ ಉಪಕರಣವನ್ನು ತಯಾರಕರು ಸ್ವೀಕರಿಸುವುದು ಸರಣಿ ಸಂಖ್ಯೆಯ ಮೇಲೆಯೇ. ಸಂಖ್ಯೆ ಗೊತ್ತಿಲ್ಲದಿದ್ದರೆ ಉಚಿತವಾಗಿ ದೊರೆಯಬೇಕಾದುದಕ್ಕೂ ಹಣ ತೆರಬೇಕಾದೀತು. ಆಯುಷ್ಯ ಮುಗಿದ ಉಪಕರಣಗಳಿಗೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಅನ್ವಯಿಸುತ್ತವೆ. ವಿಲೇವಾರಿಯಾದ ಸಂಖ್ಯೆಗಳನ್ನು ಒಎಲ್‌ಟಿಯ ಪಟ್ಟಿಯಿಂದಲೂ ತೆಗೆಯಬೇಕು. ಇಲ್ಲವಾದರೆ ಹೊರಗೆ ಹೋದ ಪೆಟ್ಟಿಗೆಯನ್ನು ಯಾರಾದರೂ ಅದೇ ಕವಲಿಗೆ ಜೋಡಿಸಿದಾಗ ಜಾಲವು ಅದನ್ನು ತನ್ನದೆಂದೇ ಬರಮಾಡಿಕೊಳ್ಳಬಹುದು.

ಮಹತ್ವ

ಪಂಚಾಯತಿ ಕಚೇರಿಗಳಲ್ಲಿ ನಡೆಯುವ ಬಾಪೂಜಿ ಸೇವಾ ಕೇಂದ್ರಗಳಲ್ಲಿ ಗ್ರಾಮಸ್ಥರು ಪಹಣಿ ಮೊದಲಾದ ದಾಖಲೆಗಳನ್ನು ಪಡೆಯುತ್ತಾರೆ. ಸಂಪರ್ಕ ನಿಂತ ದಿನ ಕೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ, ಇಲ್ಲವೆ ತಾಲ್ಲೂಕು ಕೇಂದ್ರಕ್ಕೆ ಬಸ್ಸು ಹಿಡಿಯಬೇಕಾಗುತ್ತದೆ. ಫೈಬರ್ ತುಂಡಾದಾಗ ದುರಸ್ತಿಗೆ ಸಮಯ ಬೇಕಾಗುವುದು ಸಹಜ. ಸಂಖ್ಯೆಯ ತಪ್ಪಿನಿಂದ ಸಂಪರ್ಕ ನಿಂತಿದ್ದರೆ ಸರಿಪಡಿಸಲು ಕೆಲವೇ ನಿಮಿಷ ಸಾಕು. ಆದರೆ ಸರಿಯಾದ ಸಂಖ್ಯೆ ತಿಳಿದಿರಬೇಕು.

2023ರ ಆಗಸ್ಟ್ 4ರಂದು ಕೇಂದ್ರ ಸಚಿವ ಸಂಪುಟವು ₹1,39,579 ಕೋಟಿ ವೆಚ್ಚದ ಪರಿಷ್ಕೃತ ಭಾರತ್‌ನೆಟ್ ಕಾರ್ಯಕ್ರಮಕ್ಕೆ ಒಪ್ಪಿಗೆ ನೀಡಿತು. ಇದರಲ್ಲಿ ಪಂಚಾಯತಿಗಳನ್ನು ಕವಲುಗಳಂತಲ್ಲದೆ ಉಂಗುರದಂತೆ ಜೋಡಿಸಿ, ತಾಲ್ಲೂಕು ಮತ್ತು ಪಂಚಾಯತಿ ಮಟ್ಟದಲ್ಲಿ ರೂಟರ್‌ಗಳನ್ನು ಅಳವಡಿಸಲಾಗುತ್ತದೆ. ಉಂಗುರದ ರಚನೆಯಲ್ಲಿ ಫೈಬರ್ ಒಂದು ಕಡೆ ತುಂಡಾದರೂ ಇನ್ನೊಂದು ದಾರಿಯಿಂದ ಸಂಪರ್ಕ ಉಳಿಯುತ್ತದೆ. ಹೊಸ ರೂಟರ್‌ಗಳು ಬರುತ್ತಿರುವಾಗ ಹಳೆಯ ಒಎನ್‌ಟಿಗಳು ಗೋಡೆಯಿಂದ ಇಳಿಯುತ್ತವೆ. ಬಂದದ್ದು ಯಾವುದು, ಹೋದದ್ದು ಯಾವುದು, ಹೋದದ್ದು ಎಲ್ಲಿಗೆ ಎಂಬ ಮೂರು ಪ್ರಶ್ನೆಗಳಿಗೆ ವಹಿಯಲ್ಲಿ ಉತ್ತರ ಬರೆದಿಡಲು ಸುಲಭವಾದ ಸಮಯ ಈ ಬದಲಾವಣೆಯ ದಿನವೇ ಆಗಿದೆ.